ಪೊರಕೆಕಡ್ಡಿ, ಗುಲಾಬಿ ಹಲ್ಲು

ಬೆಳಗ್ಗೆ ಎದ್ದು ಹಿತ್ತಿಲ ಬಾಗಿಲ ಮೂಲೆಯಿಂದ ಪೊರಕೆ ಎತ್ತಿಕೊಂಡ ಕೂಡಲೇ ಕೈಗೆ ಗೊತ್ತಾಯಿತು, ನಿನ್ನೆಗಿಂತ ಹಗುರವಾಗಿದೆ. ಹದಿನೈದು ದಿನದ ಹಿಂದೆಯಷ್ಟೇ ನಾನೇ ಕೂತು, ತೆಂಗಿನ ಗರಿಗಳನ್ನು ಒಂದೊಂದಾಗಿ ಸೀಳಿ, ಕಡ್ಡಿ ಹೆರೆದು, ಎರಡು ಕೈಗೂ ತುಂಬುವ ಹಾಗೆ ಕಟ್ಟಿದ ಪೊರಕೆ ಅದು. ಅಂಗಳ ಗುಡಿಸಿ, ನೀರು ಚಿಮುಕಿಸಿ, ನಾಲ್ಕೆಳೆ ರಂಗೋಲಿ ಎಳೆದು ಮುಗಿಸುವಷ್ಟರಲ್ಲಿ ದಿನದ ಮೊದಲ ಸಿಟ್ಟು ನನ್ನ ನೆತ್ತಿಗೇರಿತ್ತು. ಲೋಕದ ಪೊರಕೆಗಳೆಲ್ಲ ನೆಲ ಗುಡಿಸಿ ಸವೆದು ಸದ್ಗತಿ ಪಡೆಯುತ್ತವೆ. ನಮ್ಮ ತಿಪಟೂರು ಸೀಮೆಯ ಪೊರಕೆಗಳು ಮಾತ್ರ ಗಂಡಸರ ಹಲ್ಲಿನ ಸಂದಿಗಳಲ್ಲಿ ಸವೆಯುತ್ತವೆ.

ಉತ್ಪ್ರೇಕ್ಷೆ ಎನ್ನಬೇಡಿ. ಊಟ ಮುಗಿದು ಕೈ ತೊಳೆದ ಮರುಕ್ಷಣವೇ ನಮ್ಮ ಯಜಮಾನರ ಬಲಗೈ ತಾನಾಗಿ ಹಿತ್ತಿಲ ಮೂಲೆಗೆ ಚಾಚಿಕೊಳ್ಳುತ್ತದೆ. ಒಂದು ಕಡ್ಡಿ ಎಳೆದು, ತುದಿ ಮುರಿದು, ಕಣ್ಣು ಅರೆಮುಚ್ಚಿ ಅವರು ಜಗಲಿಯ ಮೇಲೆ ನಡೆಸುವ ಆ ಉತ್ಖನನವನ್ನು ನೋಡಿದರೆ ಪರಮಾನಂದ ಎಂಬ ಪದಕ್ಕೆ ಬೇರೆ ಅರ್ಥ ಬೇಡ. ಮಾಯಸಂದ್ರದಿಂದ ಬರುವ ನಮ್ಮ ಭಾವನವರಂತೂ ಊಟಕ್ಕೆ ಕೂರುವ ಮೊದಲೇ ಕಡ್ಡಿಯೊಂದನ್ನು ಆರಿಸಿ ಕಿವಿಯ ಮೇಲೆ ಸಿಕ್ಕಿಸಿಕೊಂಡಿರುತ್ತಾರೆ. ಅಂಗಳದ ಕಸ ಮುಟ್ಟಿದ ಕಡ್ಡಿ ಬಾಯಿಗೆ ಹೋಗಬಾರದೆಂದು ಇಪ್ಪತ್ತೆರಡು ವರ್ಷದಿಂದ ಹೇಳುತ್ತಿದ್ದೇನೆ. ಹೇಳಿದ್ದೆಲ್ಲ ಆ ಹಲ್ಲಿನ ಸಂದಿಯಿಂದಲೇ ಆಚೆ ಹೋಗಿದೆ. ಮದುವೆಯಾದ ಹೊಸದರಲ್ಲಿ ಒಂದು ಕಡ್ಡಿ ಹೋಗುತ್ತಿದ್ದ ಸಂದಿಯಲ್ಲಿ ಈಗ ಎರಡು ಸರಾಗವಾಗಿ ಓಡಾಡುತ್ತವೆ.

ಆದರೆ ಈ ದಿನದ ದೊಡ್ಡ ಸಿಟ್ಟು ಕಾಫಿಯ ಹೊತ್ತಿಗೆ ಬಂತು. ನಮ್ಮ ಮಗಳು ಸಿಂಚನ ತುಮಕೂರಿನಲ್ಲಿ ದಂತ ನೈರ್ಮಲ್ಯದ ಕೋರ್ಸ್ ಓದುತ್ತಿದ್ದಾಳೆ. ಬುಧವಾರ ಅವಳಿಗೆ ಪ್ರಾಯೋಗಿಕ ಪರೀಕ್ಷೆ. ಹಲ್ಲಿನ ಮೇಲೆ ಗಾರೆ ಕಟ್ಟಿದ ಒಬ್ಬ ರೋಗಿಯನ್ನು ಆಕೆಯೇ ಕರೆದೊಯ್ಯಬೇಕು, ಪರೀಕ್ಷಕರ ಎದುರಿಗೇ ಆ ಗಾರೆಯನ್ನು ತೆಗೆಯಬೇಕು. ರೋಗಿ ಇಲ್ಲದಿದ್ದರೆ ಪರೀಕ್ಷೆ ಇಲ್ಲ, ಪರೀಕ್ಷೆ ಇಲ್ಲದಿದ್ದರೆ ಇಡೀ ವರ್ಷವೇ ಇಲ್ಲ. ಪಕ್ಕದ ಮನೆಯ ಗೌರಮ್ಮ ಬರುತ್ತೇನೆಂದು ತಿಂಗಳ ಹಿಂದೆಯೇ ಒಪ್ಪಿದ್ದರು. ಇವತ್ತು ಕಾಂಪೌಂಡಿನ ಆಚೆ ನಿಂತೇ ಕೈ ಎತ್ತಿಬಿಟ್ಟರು.

“ನಾನು ಬರಾಕಿಲ್ಲ ಕಣವ್ವಾ. ಹಂದನಕೆರೇಲಿ ನಮ್ಮ ಚಿಕ್ಕಮ್ಮ ಕ್ಲೀನ್ ಮಾಡಿಸ್ಕಂಡು ಬಂದ್ಮ್ಯಾಲೆ ಹಲ್ಲೆಲ್ಲ ಅಲ್ಲಾಡ್ತವಂತೆ. ಗಾರೆ ಕೆರೆದ್ರೆ ಗ್ವಾಡೆ ನಿಂತದಾ? ಇರೋದೇ ಇಪ್ಪತ್ನಾಕು, ಅವಾದ್ರೂ ಇರ್ಲಿ ಬುಡು.”

ಮಗಳು ಅಳಲಿಲ್ಲ. ಕಾಫಿಯ ಲೋಟವನ್ನು ಹಾಗೇ ಬಿಟ್ಟು, ಚಪ್ಪಲಿ ಮೆಟ್ಟಿ ಬೀದಿಯ ಮನೆಮನೆಗೆ ಹೋದಳು. ಹನ್ನೊಂದು ಗಂಟೆಗೆ ವಾಪಸು ಬಂದಾಗ ಮುಖದಲ್ಲಿ ಬಣ್ಣವಿರಲಿಲ್ಲ. ಒಬ್ಬರು ಬಾಗಿಲಲ್ಲೇ ನಕ್ಕು, “ಹಲ್ಲು ಉಜ್ಜೋದು ಕಲಿಯಕ್ಕೂ ಕಾಲೇಜಾ? ನಮ್ಮನ್ನ ಕೇಳಿದ್ರೆ ಪುಕ್ಸಟ್ಟೆ ಹೇಳ್ಕೊಡ್ತಿದ್ವಲ್ಲಮ್ಮಾ” ಅಂದರಂತೆ.

ನಾನು ಜಗಳಗಂಟಿಯಲ್ಲ. ಕಾನ್ವೆಂಟಿನಲ್ಲಿ ಓದಿದವಳು, ಯಾರಾದರೂ ನನ್ನ ಕಾಲು ತುಳಿದರೂ ನಾನೇ ‘ಸಾರಿ’ ಹೇಳುವಂತೆ ತಿದ್ದಲ್ಪಟ್ಟವಳು. ಆದರೆ ಆ ಮಾತು ಕೇಳಿ ಒಗ್ಗರಣೆಗೆ ಬೇಕಾದ್ದಕ್ಕಿಂತ ಮೂರು ಪಟ್ಟು ಸಾಸಿವೆ ಸಿಡಿಸಿದೆ. ಅಲ್ಲ, ನಗುವವರು ಯಾರು? ಎತ್ತು ಕೊಳ್ಳುವಾಗ ಅದರ ಬಾಯಿ ಬಿಡಿಸಿ, ತುಟಿ ಮಡಚಿ, ಹಲ್ಲು ಎಣಿಸಿ, ವಯಸ್ಸು ನಿರ್ಧರಿಸುವ ಮಹನೀಯರು ಇವರು. ತಮ್ಮ ಮನೆಯ ಹೆಂಗಸರ ಬಾಯೊಳಗೆ ಹಲ್ಲು ಎಷ್ಟಿವೆಯೆಂದು ಒಬ್ಬರನ್ನಾದರೂ ಕೇಳಿ ನೋಡಿ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗುವ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಕುಲುಕಿ, ಒಳಗೆ ಲೊಡಲೊಡ ಎಂದರೆ ಕೊಬ್ಬರಿ ಚಿಪ್ಪು ಬಿಟ್ಟಿದೆ, ಸುಲಿಯಬಹುದು ಎನ್ನುವಷ್ಟು ಸೂಕ್ಷ್ಮಜ್ಞರು. ಸ್ವಂತ ಹಲ್ಲು ಒಸಡು ಬಿಟ್ಟು ಲೊಡಲೊಡ ಎಂದರೆ ಮಾತ್ರ ವಯಸ್ಸಾಯಿತು ಎಂದು ಕೈತೊಳೆದುಕೊಳ್ಳುತ್ತಾರೆ!

ಈ ಭಾಷಣವನ್ನು ನಾನು ಬಾಣಲೆಗೆ ಮಾಡುತ್ತಿದ್ದಾಗ ಸಿಂಚನ ಒಂದು ಪುಟ್ಟ ಮಾತ್ರೆ ಹಿಡಿದು ಬಂದಳು. ಜಗಿದು ಉಗುಳಿದರೆ, ಉಜ್ಜಿದರೂ ಉಳಿದುಕೊಂಡ ಕೊಳೆಯ ಮೇಲೆಲ್ಲ ಗುಲಾಬಿ ಬಣ್ಣ ಹತ್ತಿಕೊಳ್ಳುತ್ತದಂತೆ. ನನಗೆ ಉತ್ಸಾಹ ಬಂತು. ಶಾಲೆಯಲ್ಲಿ ನಮ್ಮ ಸಿಸ್ಟರ್ ಪ್ರತಿ ಸೋಮವಾರ ಪ್ರಾರ್ಥನೆಯ ಸಾಲಿನಲ್ಲೇ ಉಗುರು, ಕರ್ಚೀಫು, ಹಲ್ಲು ಮೂರನ್ನೂ ತಪಾಸಣೆ ಮಾಡುತ್ತಿದ್ದರು. ಮೂರರಲ್ಲೂ ಒಮ್ಮೆಯೂ ಬೈಸಿಕೊಳ್ಳದವಳು ನಾನು. ಶುಭ್ರವಾದ ಬಾಯಿ ಹೇಗಿರುತ್ತದೆಂದು ಈ ಬೀದಿಗೆ ಮಾದರಿಯಾಗಿ ತೋರಿಸಿಬಿಡೋಣವೆಂದು ಗತ್ತಿನಿಂದ ಜಗಿದು, ಉಗುಳಿ, ಕನ್ನಡಿ ನೋಡಿದೆ.

ಕನ್ನಡಿಯಲ್ಲಿ ಯಾರೋ ಕಲ್ಯಾಣೋತ್ಸವಕ್ಕೆ ಹಲ್ಲಿಗೆ ಬಣ್ಣ ಬಳಿದುಕೊಂಡು ನಿಂತಿದ್ದರು. ಮುಂದಿನ ಹಲ್ಲುಗಳ ನಡುಭಾಗವೇನೋ ಬೆಳ್ಳಗಿತ್ತು, ಸಿಸ್ಟರಿಗೆ ಕಾಣುತ್ತಿದ್ದದ್ದು ಅಷ್ಟೇ ತಾನೆ? ಒಸಡಿನ ಅಂಚಿನುದ್ದಕ್ಕೂ, ಸಂದಿಸಂದಿಗೂ ಗುಲಾಬಿಯ ಬೇಲಿ! ಮಗಳು ನಾಲಿಗೆ ಎತ್ತಿಸಿ, ಕೆಳಗಿನ ಹಲ್ಲುಗಳ ಹಿಂಬದಿಗೆ ಪುಟ್ಟ ಕನ್ನಡಿ ಹಿಡಿದವಳೇ ಕುಣಿದಾಡಿದಳು. “ಅಯ್ಯೋ ಅಮ್ಮಾ! ಇಷ್ಟು ಒಳ್ಳೇ ಕೇಸನ್ನ ಮನೇಲೇ ಇಟ್ಕೊಂಡು ಬೀದಿಯೆಲ್ಲಾ ಸುತ್ತಿದ್ನಲ್ಲಾ!”

ಹೆತ್ತ ಮಗಳ ಬಾಯಲ್ಲಿ ತಾಯಿ ಕೇಸಾಗುವುದೆಂದರೆ ಏನೆಂದು ನೀವೇ ಊಹಿಸಿಕೊಳ್ಳಿ. ಇದು ಸಾಲದೆಂಬಂತೆ, ಬಾಯಲ್ಲಿ ಪೊರಕೆಕಡ್ಡಿ ಕಚ್ಚಿಕೊಂಡೇ ಯಜಮಾನರು ಬಗ್ಗಿ ನೋಡಿ, “ಅಮ್ಮಸಂದ್ರದ ಫ್ಯಾಕ್ಟರಿ ಸಿಮೆಂಟು ಯಾವಾಗ ಇಳಿಸ್ಕಂಡೆ ಕಣೇ?” ಅಂದರು. ನಾನು ಹಲ್ಲು ಕಡಿದೆ. ಗುಲಾಬಿ ಹಲ್ಲು ಕಡಿದವಳ ಕೋಪಕ್ಕೆ ಯಾರೂ ಹೆದರುವುದಿಲ್ಲ.

ನಗು ಇಳಿದ ಮೇಲೆ ಮಗಳು ಮೆಲ್ಲಗೆ ಕೇಳಿದಳು, “ಉಜ್ಜುವಾಗ ರಕ್ತ ಬರುತ್ತಾಮ್ಮಾ?”

ಉಷ್ಣಕ್ಕೆ ಸ್ವಲ್ಪ ಬರುತ್ತದೆ ಎಂದೆ. ಎಷ್ಟು ದಿನದಿಂದ ಎಂದಳು. ಲೆಕ್ಕ ಹಾಕಿದರೆ ಮೂರು ವರ್ಷ ದಾಟಿತ್ತು. ಮೂರು ವರ್ಷದಿಂದ ದಿನಾ ಬೆಳಗ್ಗೆ ಬಚ್ಚಲಲ್ಲಿ ಯಾರಿಗೂ ಕಾಣದಂತೆ ನೀರು ಬಿಟ್ಟು ಕೆಂಪನ್ನು ತೊಳೆದು ಬರುತ್ತಿದ್ದೆ. ಕೊಬ್ಬರಿಯ ಚೂರು ಕಚ್ಚಿದಾಗ ಅದರ ಬಿಳುಪಿನ ಮೇಲೆ ಸಣ್ಣ ಕೆಂಪು ಗೆರೆ ಮೂಡಿದರೆ ಆ ಕಡೆ ತಿರುಗಿ ತಿಂದುಬಿಡುತ್ತಿದ್ದೆ. ಮನೆಯಲ್ಲಿ ಇನ್ಯಾರ ಬೆರಳಿಗೆ ಗೀರಿದರೂ ಅರಿಸಿನದ ಡಬ್ಬಿ ಹಿಡಿದು ಓಡುವವಳು ನಾನು. ದಿನಾ ರಕ್ತ ಸುರಿಯುವ ಜಾಗ ಬಾಯಿಯಾದ್ದರಿಂದ, ಬಾಯಿ ನನ್ನದಾದ್ದರಿಂದ, ಅದಕ್ಕೆ ಉಷ್ಣವೆಂಬ ಹೆಸರಿಟ್ಟು ಎಳನೀರು ಕುಡಿದು ಸುಮ್ಮನಿದ್ದೆ. ಬೆಳಗಿನಿಂದ ಊರ ಮೇಲೆ ಎತ್ತಿ ಹಿಡಿದಿದ್ದ ನನ್ನ ಸಿಟ್ಟು ಅಲ್ಲೇ ಗಿರಕಿ ಹೊಡೆದು ನನ್ನ ಕಡೆಗೇ ಮುಖ ಮಾಡಿ ನಿಂತಿತು.

ಸಿಂಚನ ಅಡುಗೆಮನೆಯ ಮಣೆಯ ಮೇಲೆ ಕೂತು ಪಾಠ ಹೇಳಿದಳು. ದಿನಾ ಹಲ್ಲಿನ ಮೇಲೆ ಕೂರುವ ಮೆತ್ತನೆಯ ಪದರ ಬ್ರಶ್ಶಿಗೆ ಹೋಗುತ್ತದೆ. ಬಿಟ್ಟರೆ ಎಂಜಲಿನಲ್ಲಿರುವ ಲವಣ ಸೇರಿ ಕಲ್ಲಾಗುತ್ತದೆ, ಅದೇ ಗಾರೆ. ಆ ಪದರದಲ್ಲಿರುವ ಕ್ರಿಮಿಗಳಿಗೆ ಒಸಡು ಕೆಂಪಗೆ ಊದಿಕೊಂಡು ರಕ್ತ ಸುರಿಸುತ್ತದೆ, ಅದು ಒಸಡಿನ ಕೂಗು. ಕೇಳಿಸಿಕೊಳ್ಳದೆ ಹೋದರೆ ಹಲ್ಲನ್ನು ಹಿಡಿದಿರುವ ಮೂಳೆಯೇ ಕರಗತೊಡಗುತ್ತದೆ.

ಗೌರಮ್ಮನ ಗೋಡೆಯ ಮಾತು ನನ್ನ ತಲೆಯಲ್ಲೂ ಕೊರೆಯುತ್ತಿತ್ತೆಂದು ನಾಚಿಕೆ ಬಿಟ್ಟು ಹೇಳಿಬಿಡುತ್ತೇನೆ. ಗಾರೆ ತೆಗೆದರೆ ನನ್ನವೂ ಅಲ್ಲಾಡಿದರೆ?

“ಹಲ್ಲನ್ನ ಹಿಡಿದಿರೋದು ಗಾರೆ ಅಲ್ಲಮ್ಮಾ, ಒಸಡು, ಮೂಳೆ,” ಅಂದಳು. “ಆ ಚಿಕ್ಕಮ್ಮಂಗೆ ಮೂಳೆ ಮೊದ್ಲೇ ಸವೆದಿತ್ತೇನೋ. ಗಾರೆ ಅದನ್ನ ಮುಚ್ಚಿತ್ತು, ತೆಗೆದ್ಮೇಲೆ ಗೊತ್ತಾಯ್ತು. ನಿಂದು ಇನ್ನೂ ಅಷ್ಟು ದೂರ ಹೋಗಿಲ್ಲ ಅನ್ಸುತ್ತೆ. ನಮ್ಮ ಮೇಡಂ ನೋಡಿ ಹೇಳ್ತಾರೆ. ನಾಲ್ಕು ದಿನ ಜುಮ್ ಅನ್ನಬಹುದು, ಅಷ್ಟೇ. ಬರ್ತೀಯಾ?”

ಅವಳ ವರ್ಷವೂ ನನ್ನ ಕೆಳಸಾಲಿನ ಹಲ್ಲುಗಳೂ ಒಂದೇ ಕುರ್ಚಿಯ ಮೇಲೆ ಕೂರಬೇಕಾಗಿ ಬಂದಿತ್ತು. ಬರ್ತೀನಿ ಅಂದೆ. ಯಜಮಾನರು ಬಾಯಿಂದ ಕಡ್ಡಿ ತೆಗೆದು, ಅದರ ತುದಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡುತ್ತಿದ್ದರು. ಅಲ್ಲೇನು ಕಂಡಿತೋ.

ಸಂಜೆ ದೀಪ ಹಚ್ಚಿ, ಪೊರಕೆಯನ್ನು ಗಂಡಸರ ಕೈಗೆ ಎಟುಕದ ಕಡೆ ಇಡೋಣವೆಂದು ಹಿತ್ತಿಲಿಗೆ ಹೋದರೆ ಗೌರಮ್ಮ ಕಾಂಪೌಂಡಿಗೆ ಒರಗಿ ನಿಂತಿದ್ದರು. ನನ್ನ ತುಟಿಯಂಚಿನ ಗುಲಾಬಿಯನ್ನು ನೋಡಿ, ಎಲೆ ಅಡಿಕೆ ಯಾವಾಗ ಕಲಿತಿರಿ ಎಂದು ಕೇಳಿದರು. ಬೆಳಗಿನ ಸಿಟ್ಟನ್ನೆಲ್ಲ ಅವರ ಮೇಲೆ ಸುರಿಯಲು ಇದಕ್ಕಿಂತ ಒಳ್ಳೆಯ ಹೊತ್ತು ಇರಲಿಲ್ಲ. ಆದರೆ ಬುಧವಾರ ನಾನೇ ಹೋಗುತ್ತಿದ್ದೇನೆ ಎಂದಷ್ಟೇ ಹೇಳಿ, ಮಗಳಿಗೂ ಹೇಳದೆ ಇಷ್ಟು ವರ್ಷ ಮುಚ್ಚಿಟ್ಟಿದ್ದನ್ನು ಅವರಿಗೂ ಹೇಳಿದೆ: ಉಜ್ಜಿದಾಗಲೆಲ್ಲ ರಕ್ತ ಬರುತ್ತದೆ, ಅದಕ್ಕೇ.

ಗೌರಮ್ಮ ಕೈ ಚಾಚಿ ನನ್ನ ಕೈಯಲ್ಲಿದ್ದ ಪೊರಕೆಯಿಂದಲೇ ಒಂದು ಕಡ್ಡಿ ಎಳೆದುಕೊಂಡು, ತುದಿ ಮುರಿಯುತ್ತಾ ಅಂದರು:

“ಅಯ್ಯೋ, ಅದಕ್ಕೆ ತುಮಕೂರ್ಗಂಟ ಹೋಗ್ಬೇಕೇನಕ್ಕಾ? ರಕ್ತ ಬರ್ದಿದ್ರೆ ಹಲ್ಲು ಉಜ್ಜಿದಂಗೆ ಹೆಂಗಾಯ್ತದೆ?”