ತಂತಿ ಇಲ್ಲದ ದೀಪ

ದೊಡ್ಡಮ್ಮನ ಟ್ಯೂಬ್‌ಲೈಟಿಗೆ ವೈರೂ ಇರಲಿಲ್ಲ, ಸ್ವಿಚ್ಚೂ ಇರಲಿಲ್ಲ. ನಮ್ಮ ಕಾರ್ಖಾನೆಯ ಮೂಲೆಯಲ್ಲಿ ಗೋಡೆಗೆ ಒರಗಿಸಿಟ್ಟ ಹಳೇ ಟ್ಯೂಬ್ ಅದು. ನಾನು ಯಂತ್ರ ಚಾಲೂ ಮಾಡಿದ ಕೂಡಲೇ ತಾನಾಗಿಯೇ ಮಂಕಾಗಿ ಹೊತ್ತಿಕೊಳ್ಳುತ್ತಿತ್ತು. ಪ್ಯಾಕಿಂಗ್ ಕಡೆಯವರು ಆ ದಿಕ್ಕಿಗೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ. ದೊಡ್ಡಮ್ಮ ಮಾತ್ರ ಮಧ್ಯಾಹ್ನ ಅದರ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಬುತ್ತಿ ಬಿಚ್ಚುತ್ತಿದ್ದಳು. ಅದರ ಜೊತೆ ಮೆಲ್ಲಗೆ ಮಾತೂ ಆಡುತ್ತಿದ್ದಳು.

ನಮ್ಮದು ಕನ್ನಡಕದ ಗಾಜಿಗೆ ಲೇಪ ಕೂರಿಸುವ ಕೆಲಸ. ಗಾಳಿ ಹೀರಿ ತೆಗೆದ ಉಕ್ಕಿನ ಪೆಟ್ಟಿಗೆಯೊಳಗೆ ಒಂದಿಷ್ಟು ಅನಿಲ ಬಿಟ್ಟು, ರೇಡಿಯೋ ಅಲೆ ಹಾಯಿಸುತ್ತೇವೆ. ಅಲೆ ಎಲೆಕ್ಟ್ರಾನುಗಳನ್ನು ಹಿಡಿದು ಅಲ್ಲಾಡಿಸುತ್ತದೆ. ಅವು ಅನಿಲದ ಕಣಗಳಿಗೆ ಡಿಕ್ಕಿ ಹೊಡೆದಾಗ ಪೆಟ್ಟಿಗೆ ತುಂಬ ನೇರಳೆ ಬೆಳಕು. ಅದೇ ಪ್ಲಾಸ್ಮಾ. ಅಲೆ ತಡೆಯಲೆಂದು ಪೆಟ್ಟಿಗೆಗೆ ಹೊದಿಸಿದ ಲೋಹದ ಮುಚ್ಚಳ ಸಡಿಲವಾದರೆ ಅಲೆ ಹೊರಗೆ ಸೋರಿ, ಹತ್ತಿರದ ಟ್ಯೂಬಿನೊಳಗಿನ ಎಲೆಕ್ಟ್ರಾನುಗಳನ್ನೂ ಕುಣಿಸುತ್ತದೆ. ಭೂತ ಎಂದವರಿಗೆಲ್ಲ ಇದನ್ನೇ ಹೇಳಿ ಹೇಳಿ ನನಗೆ ಸಾಕಾಗಿಹೋಗಿತ್ತು.

ಈ ಯಂತ್ರ ಮೊದಲು ನಡೆಸುತ್ತಿದ್ದವನು ದೊಡ್ಡಪ್ಪ. ಗಾಜು ತೊಳೆಯುತ್ತಿದ್ದ ದೊಡ್ಡಮ್ಮನೇ ಸೋರಿಕೆ ಹುಡುಕಲು ಟ್ಯೂಬ್ ಹಿಡಿದು ಪೆಟ್ಟಿಗೆಯ ಸುತ್ತ ನಡೆಯುತ್ತಿದ್ದಳು. "ನನ್ನ ಹಿಂದೆ ಸುತ್ತಿದ್ದಕ್ಕಿಂತ ಈ ಡಬ್ಬಿ ಸುತ್ತ ಸುತ್ತಿದ್ದೇ ಜಾಸ್ತಿ" ಎಂದು ಅವನು ಛೇಡಿಸುತ್ತಿದ್ದ. ಒಂದು ದಿನ ಪಕ್ಕದ ಮುಚ್ಚಳ ಬಿಗಿಯುತ್ತಿರುವಾಗಲೇ ಎದೆ ಹಿಡಿದುಕೊಂಡು ಕುಸಿದವನು ಮತ್ತೆ ಏಳಲಿಲ್ಲ. ಕೆಲವು ಬೋಲ್ಟುಗಳು ಅವನು ಬೆರಳಲ್ಲಿ ತಿರುಗಿಸಿದಷ್ಟಕ್ಕೇ ಉಳಿದವು. ನಾನು ಸ್ಪ್ಯಾನರ್ ಎತ್ತಿದಾಗಲೆಲ್ಲ ದೊಡ್ಡಮ್ಮ ಅಡ್ಡ ನಿಲ್ಲುತ್ತಿದ್ದಳು.

"ಅಲೆ, ಎಲೆಕ್ಟ್ರಾನು ಎಲ್ಲ ನನಗೂ ಗೊತ್ತು ಕಣೋ. ಹೇಳಿಕೊಟ್ಟಿದ್ದೇ ಅವರು. ಆದ್ರೂ ಅದು ಅವರ ಕೈಯಿಂದ ಬರ್ತಿರೋ ಬೆಳಕು. ಬಿಟ್ಟುಬಿಡು."

ಬಿಟ್ಟೆ. ಒಬ್ಬನೇ ಇದ್ದಾಗ ಆ ಮೂಲೆಯತ್ತ ನೋಡಲು ನನಗೂ ಅಳುಕು. ದೊಡ್ಡಪ್ಪ ಬೆನ್ನ ಹಿಂದೆ ನಿಂತು ನನ್ನ ಕೆಲಸದಲ್ಲಿ ಹುಳುಕು ಹುಡುಕುತ್ತಿದ್ದಾನೆ ಅನಿಸುತ್ತಿತ್ತು.

ಆಮೇಲೆ ಕಣ್ಣಿನ ಡಾಕ್ಟರು ದೊಡ್ಡಮ್ಮನಿಗೆ ಪೊರೆ ಶುರುವಾಗಿದೆ ಎಂದರು. ಸೋರುವ ಅಲೆ ಕಣ್ಣನ್ನು ಒಳಗಿಂದಲೇ ಬಿಸಿ ಮಾಡಬಲ್ಲದು. ಇನ್ನೂ ಅಲ್ಲೇ ಕೂತರೆ ದೃಷ್ಟಿಯೇ ಹೋದೀತು ಎಂದೆ. ರೇಗಿದೆ, ಗೋಗರೆದೆ. ಕಡೆಗೆ ಅವಳೇ ಟ್ಯೂಬ್ ಎತ್ತಿಕೊಂಡಳು.

"ನಡಿ. ಮೊದಲಿನ ಹಾಗೆ ನಾನೇ ಹಿಡೀತೀನಿ."

ಒಂದೊಂದು ಬೋಲ್ಟಿಗೂ ಯಂತ್ರ ನಿಲ್ಲಿಸಿ, ಬಿಗಿದು, ಮತ್ತೆ ಚಾಲೂ ಮಾಡಿದೆ. ಅವಳ ಕೈಯಲ್ಲಿದ್ದ ಬೆಳಕು ಪ್ರತಿಸಲವೂ ಇನ್ನಷ್ಟು ಸಣ್ಣಗಾಯಿತು. ಕೊನೆಯದಕ್ಕೆಂದು ಯಂತ್ರ ನಿಲ್ಲಿಸಹೋದಾಗ "ಇರು" ಎಂದಳು. ಟ್ಯೂಬನ್ನು ಎದೆಗೊತ್ತಿಕೊಂಡು ಏನೋ ಹೇಳಿದಳು. ಗಾಳಿ ಹೀರುವ ಪಂಪಿನ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ.

"ಹ್ಞೂಂ, ಮುಗಿಸು."

ಮುಗಿಸಿ ಚಾಲೂ ಮಾಡಿದೆ. ಪೆಟ್ಟಿಗೆಯೊಳಗೆ ನೇರಳೆ ಬೆಳಕು ತುಂಬಿತು. ಅವಳ ಕೈಯಲ್ಲಿ ಬರೀ ಗಾಜು. ಅಷ್ಟು ದಿನ ಜಗಳವಾಡಿ ಗೆದ್ದವನಿಗೆ ಅಳು ಬಂತು.

"ಮುಟ್ಟಿ ನೋಡು, ಇನ್ನೂ ಬೆಚ್ಚಗಿದೆ" ಎಂದಳು.

ಮುಟ್ಟಿದೆ. ಅವಳು ಹಿಡಿದಿದ್ದ ಜಾಗ ಬಿಟ್ಟರೆ ಉಳಿದದ್ದೆಲ್ಲ ತಣ್ಣಗಿತ್ತು.

"ಹೌದು ದೊಡ್ಡಮ್ಮ" ಎಂದೆ.