ಸಾಕ್ಷಿ ಚಿತ್ತಯ್ಯನ ಎರಡನೆಯ ಸಲ

ಎಪ್ಪತ್ತಾರನೇ ಇಸವಿಯವರೆಗೆ ಚಿತ್ತಯ್ಯ ಕುಡಿತ ಬಿಟ್ಟದ್ದು ಒಂದೇ ಸಲ. ಬಿಟ್ಟೆ ಎಂದು ಹೇಳಿದ್ದು ಮಾತ್ರ ಎಷ್ಟು ಸಲವೋ ಅವನಿಗೇ ನೆನಪಿಲ್ಲ. ಹಿರಿಯೂರಿನಲ್ಲಿ ಹೇಳಿದ, ಹೊಸದುರ್ಗದಲ್ಲಿ ಹೇಳಿದ, ಹೊಳಲ್ಕೆರೆಯಲ್ಲಂತೂ ವರ್ಷಕ್ಕೆ ಮೂರು ಸಲ ಹೇಳಿದ. ಎಲ್ಲಿ ನಾಲ್ಕು ಮನೆ ಕ್ರೈಸ್ತರು ಚಾಪೆ ಹಾಸಿ ಪ್ರಾರ್ಥನೆಗೆ ಕೂತರೂ ಚಿತ್ರದುರ್ಗದಿಂದ ಚಿತ್ತಯ್ಯನನ್ನು ಬಸ್ಸು ಹತ್ತಿಸಿ ಕಳಿಸುತ್ತಿದ್ದರು. ಅವರಲ್ಲಿ ಅದಕ್ಕೆ ಸಾಕ್ಷಿ ಹೇಳುವುದು ಎನ್ನುತ್ತಾರೆ. ದೇವರು ತನ್ನನ್ನು ಎಂಥ ಕೊಚ್ಚೆಯಿಂದ ಎತ್ತಿದ ಎಂಬುದನ್ನು ಎತ್ತಿಸಿಕೊಂಡವನೇ ನಿಂತು ಹೇಳುವ ಪದ್ಧತಿ. ಪದ್ಧತಿಯೇನೋ ಒಳ್ಳೆಯದೇ. ಕೊಚ್ಚೆ ಆಳವಾದಷ್ಟೂ ಕೇಳುವವರಿಗೆ ಹಿತವಾಗುತ್ತದೆ, ಅದೊಂದೇ ತೊಂದರೆ.

ಅವನು ಹುಟ್ಟಿದ್ದು ಮಾಡದಕೆರೆ ಕಡೆಯ ಕುರಿ ಕಾಯುವ ಮನೆಯಲ್ಲಿ. ಪಾಲಾದಾಗ ಕುರಿಗಳು ಅಣ್ಣಂದಿರಿಗೆ ಹೋದವು, ಇವನಿಗೊಂದು ಕಂಬಳಿ ಬಂತು. ಅದನ್ನು ಹೆಗಲಿಗೆ ಹಾಕಿಕೊಂಡು, ಹೆಂಡತಿ ಗಂಗಕ್ಕನನ್ನು ಕರೆದುಕೊಂಡು ದುರ್ಗಕ್ಕೆ ಬಂದು ಹತ್ತಿ ಜಿನ್ನಿನ ಕಾರ್ಖಾನೆಯಲ್ಲಿ ಅಂಡಿಗೆ ಮೂಟೆ ಹೊರುವ ಹಮಾಲಿಯಾದ. ಸಂಜೆ ಬೆನ್ನುನೋವಿಗೆ ಸಾರಾಯಿ, ಬೆಳಿಗ್ಗೆ ತಲೆನೋವಿಗೆ ಸಾರಾಯಿ, ಎರಡೂ ನೋವಿಲ್ಲದ ಮಧ್ಯಾಹ್ನ ಬೇಜಾರಿಗೆ ಸಾರಾಯಿ.

ಅರವತ್ತೊಂಬತ್ತನೇ ಇಸವಿಯ ಶುಭ ಶುಕ್ರವಾರ, ನೆತ್ತಿ ಸುಡುವ ಬಿಸಿಲಿನಲ್ಲಿ ನೆರಳು ಹುಡುಕುತ್ತಾ ತೆರೆದಿದ್ದ ಬಾಗಿಲೊಂದನ್ನು ಹೊಕ್ಕ. ಅದು ಒಂದು ಸಣ್ಣ ಕ್ರೈಸ್ತ ಸಭೆಯ ದೇವಾಲಯ. ಆ ದಿನ ಅಲ್ಲಿ ಮೂರು ಗಂಟೆ ಉದ್ದದ ಆರಾಧನೆ, ಏಳು ಪ್ರಸಂಗ, ಅಂದರೆ ಏಳು ಉಪದೇಶ. ಹಿಂದಿನ ಬೆಂಚಿನ ಮೇಲೆ ಕಾಲು ಚಾಚಿ ಮಲಗಿದವನಿಗೆ ಅರ್ಧ ಗಂಟೆಯಲ್ಲಿ ಎಚ್ಚರವಾಯಿತು. ಕ್ರಿಸ್ತಸ್ವಾಮಿಯ ಪಕ್ಕದ ಶಿಲುಬೆಯ ಮೇಲಿದ್ದ ಕಳ್ಳ ಕಡೇ ಗಳಿಗೆಯಲ್ಲಿ ಬೇಡಿಕೊಂಡ, ಅವನಿಗೂ ಸ್ವರ್ಗದಲ್ಲಿ ಜಾಗ ಸಿಕ್ಕಿತು ಎಂದು ಪಾದ್ರಿ ಅಯ್ಯನೋರು ಹೇಳುತ್ತಿದ್ದರು. ಚಿತ್ತಯ್ಯ ಕಾಲು ಕೆಳಗಿಳಿಸಿ ಕೂತ. ಉಳಿದ ಎರಡೂವರೆ ಗಂಟೆ ಕೂತೇ ಇದ್ದ. ಹಗಲಿನಲ್ಲಿ ಮೂರು ಗಂಟೆ ಕುಡಿಯದೆ ಕಳೆದದ್ದು ಮದುವೆಯಾದ ಮೇಲೆ ಅದೇ ಮೊದಲು. ಅವತ್ತು ಸಂಜೆಯೂ ಕುಡಿಯಲಿಲ್ಲ, ಮಾರನೆಯ ದಿನವೂ ಕುಡಿಯಲಿಲ್ಲ. ನಡೆದದ್ದು ಇಷ್ಟೇ. ಹೇಳಲು ಐದು ನಿಮಿಷ ಸಾಕು.

ಐದು ನಿಮಿಷದ್ದನ್ನು ಮುಕ್ಕಾಲು ಗಂಟೆ ಮಾಡಿದವರು ಜ್ಞಾನಮಿತ್ರ ಮೇಷ್ಟ್ರು. ಹೆಡ್ಮಾಸ್ಟರಾಗಿ ನಿವೃತ್ತರಾಗಿ ಆ ಸಭೆಯ ಹಿರಿಯರಾಗಿದ್ದರು. ಮೂವತ್ತು ವರ್ಷ ಪ್ರಬಂಧ ತಿದ್ದಿದ ಕೈ, ಸುಮ್ಮನಿರುವುದು ಹೇಗೆ?

"ಹೆಂಡತೀನ ಹೊಡೆದದ್ದು ಎಲ್ಲಿ ಬಂತಪ್ಪ ಇದರಲ್ಲಿ?" ಎಂದರು ಮೇಷ್ಟ್ರು.

"ಹೊಡೆದಿಲ್ಲ ಮೇಷ್ಟ್ರೇ. ಅವಳೇ ಒಂದ್ಸಲ ಮುದ್ದೆ ಕೋಲು ತಗಂಡು ಬೀಸಿದ್ಲು."

"ಕುಡುಕ ಅಂದಮೇಲೆ ಹೊಡೆದಿರಬೇಕು. ಇಲ್ಲದಿದ್ರೆ ಜನ ನಂಬೋದಿಲ್ಲ."

ಹೀಗಾಗಿ ಚಿತ್ತಯ್ಯ ಎಪ್ಪತ್ತೊಂದನೇ ಇಸವಿಯಿಂದ ಗಂಗಕ್ಕನನ್ನು ಹೊಡೆಯತೊಡಗಿದ. ಎಪ್ಪತ್ಮೂರರಲ್ಲಿ ಅವಳ ತಾಳಿ ಮಾರಿದ. ಎಪ್ಪತ್ತೈದರ ಹೊತ್ತಿಗೆ ಅವಳನ್ನು ಚಂದ್ರವಳ್ಳಿಯ ಕೆರೆಗೆ ತಳ್ಳಿಯೂ ಆಗಿತ್ತು. ಕುಡಿತ ಬಿಟ್ಟವನ ಪಾಪಗಳು ಬಿಟ್ಟಮೇಲೆ ಬೆಳೆದವು. ಹೆಂಗಸರ ಕಡೆ ಕೂತ ಗಂಗಕ್ಕ ತಾನು ಮುಳುಗಿದ ಕಥೆಯನ್ನು ಸೆರಗು ಬಾಯಿಗಿಟ್ಟುಕೊಂಡು ಕೇಳುತ್ತಿದ್ದಳು. ಅವಳು ಅಳುತ್ತಿದ್ದಾಳೆ ಎಂದು ಉಳಿದವರು ಅಳುತ್ತಿದ್ದರು. ನಲ್ಲಿಯ ಹತ್ತಿರ ಒಬ್ಬಿಬ್ಬರು ಗಾಯದ ಗುರುತು ತೋರಿಸು ಎಂದು ಕೇಳಿದ್ದೂ ಉಂಟು.

ಹೆಸರನ್ನೂ ಮೇಷ್ಟ್ರೇ ತಿದ್ದಿದರು. ಬೈಬಲ್ಲಿನಲ್ಲಿ ಸತ್ತು ಎದ್ದವನ ಹೆಸರು ಸೇರಿಸಿ ಲಾಜರ ಚಿತ್ತಯ್ಯ ಎಂದರು. ಜಿನ್ನಿನ ಕೆಲಸ ಬಿಡಿಸಿ ದೇವಾಲಯದ ಕಾವಲಿಗೆ ಹಾಕಿ, ಕಾಂಪೌಂಡಿನ ಮೂಲೆಯಲ್ಲೊಂದು ರೂಮು ಕೊಡಿಸಿದರು. ಇದನ್ನು ಮರೆಯಬಾರದು. ಹುಟ್ಟಿದಾಗಿನಿಂದ "ಲೇ" ಎನ್ನಿಸಿಕೊಂಡವನನ್ನು ಜನ "ಬರ್ರಿ, ಕುಂತ್ಕಳ್ರಿ" ಎಂದು ಕುರ್ಚಿ ಒರೆಸಿ ಕೂರಿಸುತ್ತಿದ್ದರು. ಆ ಕುರ್ಚಿ ಚಿತ್ತಯ್ಯನಿಗೆ ತುಂಬಾ ಇಷ್ಟವಾಗಿತ್ತು.

ಅವನ ಸಾಕ್ಷಿಯಲ್ಲಿ ಜನ ಎಲ್ಲಕ್ಕಿಂತ ಮೆಚ್ಚಿದ್ದು ಸಾರಾಯಿಯ ವರ್ಣನೆ. ಸಂಜೆ ಅಂಗಡಿ ಮುಂದೆ ಕುಕ್ಕರುಗಾಲಲ್ಲಿ ಕೂರುವುದು, ಬೆರಳ ತುದಿಯಲ್ಲಿ ಉಪ್ಪಿನಕಾಯಿ, ಬೇಯಿಸಿದ ಕಡಲೆಯ ಘಮ, ಮೊದಲ ಗುಟುಕು ಗಂಟಲು ಸುಟ್ಟುಕೊಂಡು ಇಳಿದು ಹೊಟ್ಟೆಯಲ್ಲಿ ಬೆಚ್ಚಗೆ ಕೂರುವುದು, ಆಮೇಲೆ ಬೆನ್ನಿನ ಭಾರವನ್ನು ಯಾರೋ ಕೆಳಗಿಳಿಸಿದ ಹಾಗಾಗುವುದು. ಪಾಪದ ಭಯಂಕರತೆ ಜನಕ್ಕೆ ಮನವರಿಕೆಯಾಗಬೇಕು, ಇನ್ನಷ್ಟು ಬಿಡಿಸಿ ಹೇಳು ಎಂದು ಮೇಷ್ಟ್ರು ಹುರಿದುಂಬಿಸುತ್ತಿದ್ದರು. ಚಿತ್ತಯ್ಯ ಬಿಡಿಸಿ ಹೇಳಿದ. ಏಳು ವರ್ಷ, ವಾರಕ್ಕೆರಡು ಸಲ, ಬರಿಯ ಬಾಯಲ್ಲಿ ಕುಡಿದ.

ಎಪ್ಪತ್ತಾರರ ಬೇಸಿಗೆಯಲ್ಲಿ ಹೊಳಲ್ಕೆರೆಯಲ್ಲಿ ಅದು ತುಂಬಾ ಚೆನ್ನಾಗಿ ಬಂತು. ಮುಂದಿನ ಸಾಲಿನ ಇಬ್ಬರು ಗಂಡಸರು ತುಟಿ ಸವರಿಕೊಂಡು, ಕಡೆಯ ಪ್ರಾರ್ಥನೆಗೂ ಕಾಯದೆ ಎದ್ದುಹೋದರು. ಮೇಷ್ಟ್ರು ಯಾರದೋ ಮನೆಗೆ ಊಟಕ್ಕೆ ಹೋದರು. ಚಿತ್ತಯ್ಯ ಒಬ್ಬನೇ ಬಸ್‌ಸ್ಟ್ಯಾಂಡಿಗೆ ಬಂದ. ಬಾಯಲ್ಲಿ ಇನ್ನೂ ಆ ಉಪ್ಪಿನಕಾಯಿ. ಬಸ್ಸು ಬರಲು ಒಂದೂವರೆ ಗಂಟೆಯಿತ್ತು, ಅಂಗಡಿ ಎದುರಿಗೇ ಇತ್ತು. ಒಳಗೆ ಹೋದರೆ ತುಟಿ ಸವರಿಕೊಂಡ ಆ ಇಬ್ಬರೂ ಕೂತಿದ್ದರು. ಅವರು ಸರಿದು ಜಾಗ ಕೊಟ್ಟು, "ಬರ್ರಿ, ಕುಂತ್ಕಳ್ರಿ" ಎಂದರು.

ದುರ್ಗಕ್ಕೆ ಬಂದಮೇಲೂ ನಿಲ್ಲಲಿಲ್ಲ. ಆರು ದಿನ ಕುಡಿದ. ಯಾರು ಕೇಳಿದರೂ ಜ್ವರ ಎಂದ. ಗಂಗಕ್ಕ ಏನೂ ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು ಎಂದು ಅವನಿಗೆ ಅನ್ನಿಸುತ್ತಿತ್ತು.

ಆರನೆಯ ದಿನ ಮಧ್ಯಾಹ್ನ ಮೇಷ್ಟ್ರು ಆಗಷ್ಟೇ ಅಚ್ಚಾದ ಕರಪತ್ರಗಳ ಕಟ್ಟು ಹಿಡಿದು ರೂಮಿಗೆ ಬಂದರು. ಹನ್ನೆರಡು ದಿನ ಕಳೆದು ದುರ್ಗದಲ್ಲಿ ಸುತ್ತಲ ಊರುಗಳ ಸಭೆಗಳ ಸಮ್ಮೇಳನ. ತುರ್ತುಪರಿಸ್ಥಿತಿಯ ಕಾಲವಾದ್ದರಿಂದ ಪೆಂಡಾಲಿಗೂ ಮೈಕಿಗೂ ಅಪ್ಪಣೆ ಬೇಕಾಗಿ, ಅರ್ಜಿಯಲ್ಲಿ ಪಾನನಿರೋಧ ಪ್ರಚಾರ ಎಂದು ಬರೆದು ಆರು ತಿಂಗಳು ಅಲೆದಿದ್ದರು. ಕರಪತ್ರದ ನಡುವೆ ದಪ್ಪಕ್ಷರದಲ್ಲಿ 'ಸತ್ತು ಎದ್ದ ಲಾಜರ ಚಿತ್ತಯ್ಯನವರ ಏಳು ವರ್ಷಗಳ ಜಯಜೀವಿತ' ಎಂದಿತ್ತು. ಅದನ್ನು ಓದಿ ಹೇಳಲು ಬಗ್ಗಿದವರಿಗೆ ವಾಸನೆ ಬಡಿಯಿತು. ಮೇಷ್ಟ್ರು ಎದ್ದುಹೋಗಿ ಬಾಗಿಲು ಮುಂದೆ ಮಾಡಿ ಬಂದರು.

"ನಮ್ಮ ಸಭೆಯಲ್ಲಿ ಯಾರಿಗೆ ಗೊತ್ತು?"

"ನಂಗೆ, ಗಂಗಿಗೆ, ದೇವ್ರಿಗೆ."

"ಹಾಗಾದ್ರೆ ಸದ್ಯ," ಎಂದರು ಮೇಷ್ಟ್ರು ಉಸಿರು ಬಿಟ್ಟು. "ನೋಡು, ಎರಡು ಸಾವಿರ ಕರಪತ್ರ ಅಚ್ಚು ಹಾಕಿಸಿ ಆಗಿದೆ. ಸಮ್ಮೇಳನದ ಭಾನುವಾರ ನೀನು ಎಂದಿನ ಹಾಗೆ ಸಾಕ್ಷಿ ಹೇಳು. ಸೋಮವಾರದಿಂದ ಪಶ್ಚಾತ್ತಾಪ ಪಡುವೆಯಂತೆ. ನಾನೇ ಪಕ್ಕದಲ್ಲಿ ಮಂಡಿಯೂರ್ತೀನಿ."

ಚಿತ್ತಯ್ಯನಿಗೆ ಸಮ್ಮೇಳನದ ಚಿಂತೆ ಇರಲಿಲ್ಲ. ಆರು ದಿನದಿಂದ ಅವನನ್ನು ಕೊರೆಯುತ್ತಿದ್ದದ್ದು ಬೇರೆ. "ಮೇಷ್ಟ್ರೇ, ಶಿಲುಬೆ ಮೇಲಿನ ಆ ಕಳ್ಳನ್ನ ಎತ್ತಿದ್ದು ಒಂದೇ ಸಲ. ಆಮೇಲೆ ಅವನು ಸತ್ತೋದ, ಮತ್ತೆ ಕದಿಯಾಕೆ ಪುರುಸೊತ್ತೇ ಸಿಗಲಿಲ್ಲ. ಎತ್ತಿದ ಮೇಲೆ ಪುನಾ ಬಿದ್ದೋನಿಗೆ ಏನಾರ ವಚನ ಐತೇನ್ರಿ?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. "ಇರಬೇಕು. ಸಮ್ಮೇಳನ ಮುಗೀಲಿ, ನೋಡಿ ಹೇಳ್ತೀನಿ."

ಅವರು ಹೋದಮೇಲೆ ಚಿತ್ತಯ್ಯ ಗೋಡೆ ಕಡೆ ತಿರುಗಿ ಮಲಗಿದ. ಏಳು ವರ್ಷ ಬೈಬಲ್ಲು ಕಂಕುಳಲ್ಲಿಟ್ಟುಕೊಂಡು ತಿರುಗಿದವನಿಗೆ ತನ್ನ ಪಾಲಿನ ಕೃಪೆ ಖರ್ಚಾಗಿ ಹೋಯಿತು ಎಂದೇ ಅನ್ನಿಸಿಬಿಟ್ಟಿತು. ರೂಮು ಹೋದರೆ ಹೋಗಲಿ, ಕುರ್ಚಿ ಹೋದರೆ ಹೋಗಲಿ. ಇನ್ನು ತನ್ನನ್ನು ಎತ್ತುವವರು ಮೇಲೂ ಇಲ್ಲ, ಕೆಳಗೂ ಇಲ್ಲವೆಂದಾದರೆ ಸಾರಾಯಿ ಬಿಟ್ಟಾದರೂ ಏನು ಪ್ರಯೋಜನ? ಆ ಮಾತನ್ನು ಅವನು ಮಾರನೆಯ ಬೆಳಿಗ್ಗೆ ಒಲೆಯ ಮುಂದೆ ಕೂತಿದ್ದ ಗಂಗಕ್ಕನಿಗೆ ಹೇಳಿಯೇಬಿಟ್ಟ.

ಗಂಗಕ್ಕ ಒಲೆಗೆ ಸೌದೆ ಮುಂದೆ ತಳ್ಳಿದಳು. "ನಂಗೆ ಓದಾಕೆ ಬರಾಕಿಲ್ಲ. ಬಾಯಿಪಾಠ ಬರೋದು ಸ್ವಾಮಿ ಹೇಳಿಕೊಟ್ಟ ಪ್ರಾರ್ಥನೆ ಒಂದೇ. ಅದ್ರಾಗೆ ಊಟಾನೂ ಇವತ್ತಿಂದು ಇವತ್ತಿಗೆ ಕೇಳು ಅಂತ ಐತೆ. ಏಳು ವರ್ಷದ ರಾಗಿ ಒಂದೇ ಸಲ ಕೊಡು ಅನ್ನಾಕಿಲ್ಲ. ನಿನ್ ವಿಷ್ಯಾನೂ ನಾನು ಹಂಗೇ ಕೇಳ್ಕಂತಿದ್ದೆ. ಇವತ್ತೊಂದು ದಿನ ಕುಡೀದಂಗೆ ನೋಡ್ಕಳಪ್ಪ ಅಂತ. ಏಳು ವರ್ಷ ಏಳು ವರ್ಷ ಅಂತ ಊರೂರು ಸಾರಿದ್ದು ನೀನು."

"ಮತ್ತೆ ಈ ಆರು ದಿನ ಯಾಕೆ ನೋಡ್ಕಳ್ಳಲಿಲ್ಲ?"

"ಅವನು ಕೊಡಾಕೆ ಬಂದಿದ್ದ. ನಿನ್ ಕೈಯಾಗೆ ಗ್ಲಾಸಿತ್ತು, ಎಲ್ಲಿ ಇಸ್ಕಂತೀಯ? ಇವತ್ತು ಕೈ ಖಾಲಿ ಐತಲ್ಲ, ಕೇಳು. ಎಷ್ಟನೇ ಸಲ ಬಿದ್ದೆ ಅಂತ ಹಾಜರಿ ತಗಳೋದು ಮೇಷ್ಟ್ರ ಚಾಳಿ. ದೇವರೇನು ಹೆಡ್ಮಾಸ್ಟ್ರಾ?"

ಚಿತ್ತಯ್ಯ ಅತ್ತ. ಸಭೆಗಳಲ್ಲಿ ಗೊತ್ತಾದ ಜಾಗಕ್ಕೆ ಗೊತ್ತಾದ ಹಾಗೆ ಅಳುತ್ತಿದ್ದವನು ಅವತ್ತು ಮೂಗು ಸೋರಿಸಿಕೊಂಡು ಹೊಲಸು ಹೊಲಸಾಗಿ ಅತ್ತ. ಆಮೇಲೆ ಇಬ್ಬರೂ ಆ ಒಂದೇ ಪ್ರಾರ್ಥನೆ ಹೇಳಿಕೊಂಡರು. ಅವತ್ತು ಅವನು ಕುಡಿಯಲಿಲ್ಲ. ಮಾರನೆಯ ದಿನ ಮತ್ತೆ ಕೇಳಬೇಕಾಯಿತು. ಅದರ ಮಾರನೆಯ ದಿನವೂ. ಮೊದಲ ಸಲ ಬಿಟ್ಟಾಗ ಇಷ್ಟು ಕಷ್ಟವಿರಲಿಲ್ಲ. ಸಂಜೆಯಾಗುತ್ತಿದ್ದಂತೆ ಕೈ ನಡುಗಿ, ಮೈ ಬೆವತು, ಯಾರ ಮೇಲಾದರೂ ಹರಿಹಾಯಬೇಕು ಎನ್ನಿಸುತ್ತಿತ್ತು.

ಸಮ್ಮೇಳನದ ಭಾನುವಾರ ನಾಲ್ಕು ಗಂಟೆಗೆ ಪೆಂಡಾಲು ತುಂಬಿತ್ತು. ಹಿರಿಯೂರು, ಹೊಸದುರ್ಗದಿಂದೆಲ್ಲ ಜನ ಬಂದಿದ್ದರು. ಚಿತ್ತಯ್ಯ ಚೆನ್ನಾಗಿದ್ದಾನೆಂದು ಮೇಷ್ಟ್ರಿಗೂ ಸಮಾಧಾನವಾಗಿತ್ತು. ಇಸ್ತ್ರಿ ಮಾಡಿದ ತಮ್ಮದೇ ಅಂಗಿ ಹಾಕಿಸಿ ಅವನನ್ನು ಮೈಕಿನ ಮುಂದೆ ನಿಲ್ಲಿಸಿದರು.

"ನನ್ನ ಹೆಸರು ಚಿತ್ತಯ್ಯ," ಎಂದ. "ಲಾಜರ ಅಂತ ಮೇಷ್ಟ್ರು ಇಟ್ಟಿದ್ದು. ಏಳು ವರ್ಷ ಆಯ್ತು ಬಿಟ್ಟು ಅಂತ ಚೀಟಿಯಾಗೆ ಹಾಕ್ಸವ್ರೆ. ನಾನು ಬಿಟ್ಟು ಇವತ್ತಿಗೆ ಹನ್ನೊಂದು ದಿನ."

ಪೆಂಡಾಲಿನಲ್ಲಿ ಬೀಸಣಿಗೆಗಳು ನಿಂತವು.

"ಹೊಳಲ್ಕೆರೆಯಾಗೆ ಬಿದ್ದೆ. ನಿಮ್ಗೆ ಸಾರಾಯಿ ರುಚಿ ಹೇಳೀ ಹೇಳೀ ನನ್ ಬಾಯಾಗೇ ನೀರೂರ್ತು. ಅದಕ್ಕೆ ಇವತ್ತು ರುಚಿ ಹೇಳಾಕಿಲ್ಲ. ಗಂಗಿನ ನಾನು ಕೆರೆಗೆ ತಳ್ಳಿಲ್ಲ, ತಾಳಿ ಅವಳ ಕೊಳ್ಳಾಗೇ ಐತೆ, ನೋಡ್ರಿ. ಐದು ವರ್ಷದಿಂದ ನಿಮ್ ಮುಂದೆ ಸುಳ್ಳು ಹೇಳೀನಿ, ಮಾಫ್ ಮಾಡ್ರಿ. ಸ್ವಾಮಿ ಎರಡನೇ ಸಲಾನೂ ಎತ್ತುತಾನೆ. ನಾಳೆದು ಗೊತ್ತಿಲ್ಲ. ನಾಳೆ ಮತ್ತೆ ಕೇಳ್ತೀನಿ."

ಅಷ್ಟರಲ್ಲಿ ಮೇಷ್ಟ್ರು ಗಾಯಕರ ಕಡೆ ಕೈ ಬೀಸಿ ಆಗಿತ್ತು. ಹಾರ್ಮೋನಿಯಂ ಒಂದು ಶ್ರುತಿಯಲ್ಲಿ, ಹಾಡುವವರು ಇನ್ನೊಂದರಲ್ಲಿ, ಜಯದ ಹಾಡು ಶುರುವಾಯಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಪೆಂಡಾಲಿನ ಹಿಂದೆ ಮೇಷ್ಟ್ರು ಅವನನ್ನು ಹಿಡಿದುಕೊಂಡರು. ಕೋಪಕ್ಕಿಂತ ಅವರ ದನಿಯಲ್ಲಿ ನೋವೇ ಹೆಚ್ಚಿತ್ತು. "ಆರು ತಿಂಗಳ ಕೆಲಸ ನಾಲ್ಕು ನಿಮಿಷದಲ್ಲಿ ಹಾಳು ಮಾಡಿದೆಯಲ್ಲಪ್ಪ. ಬುಧವಾರ ಕಮಿಟಿ ಕೂರುತ್ತೆ. ಕೆಲಸದ ವಿಷಯ, ರೂಮಿನ ವಿಷಯ ಅಲ್ಲೇ ತೀರ್ಮಾನ." ಅವರು ಪಂಚೆ ಎತ್ತಿ ಕಟ್ಟಿಕೊಂಡು ಒಳಗೆ ಹೋದರು.

 ಗಂಗಕ್ಕ ಬಂದು ಚಿತ್ತಯ್ಯನ ಪಕ್ಕದಲ್ಲಿ ನಿಂತಳು. ಆಗ ಪೆಂಡಾಲಿನ ಗೂಟದ ಹಿಂದಿನಿಂದ ಖಾಕಿ ಅಂಗಿಯ, ಕಣ್ಣು ಕೆಂಪಗಿದ್ದ ಒಬ್ಬ ಮುಂದೆ ಬಂದ. ಹಿರಿಯೂರಿನ ಲಾರಿ ಡ್ರೈವರು, ಹೆಸರು ಕರಿಸಿದ್ದಪ್ಪ ಎಂದ. ಮಾತಿಗೆ ಮೊದಲು ಬಾಯಿಯ ವಾಸನೆಯೇ ಅವನ ಪರಿಚಯ ಹೇಳಿತು.

"ಹಿರಿಯೂರಾಗೆ ನಿಮ್ಮ ಮಾತು ನಾಲ್ಕು ಸಲ ಕೇಳೀನಿ ಕಣ್ರಿ. ಕೇಳಿ ಸೀದಾ ಅಂಗಡಿಗೆ ಹೋಗೀನಿ. ಏಳು ವರ್ಷ ಅಂದ್ರೆ ದೊಡ್ಡೋರ ಮಾತು, ನಮ್ ಕೈಯಾಗೆ ಎಲ್ಲಿ ಆಗುತ್ತೆ ಅಂತ." ಅವನು ಹತ್ತಿರ ಸರಿದ. "ಹನ್ನೊಂದು ದಿನ ಹೆಂಗೆ ಮಾಡಿದ್ರಿ, ಅದನ್ನ ಹೇಳ್ರಿ."

ಏಳು ವರ್ಷದಲ್ಲಿ ಕೈ ಕುಲುಕಿದವರುಂಟು, ಹಾರ ಹಾಕಿದವರುಂಟು, ಕಣ್ಣೊರೆಸಿಕೊಂಡವರುಂಟು. ಹೇಗೆ ಮಾಡಿದೆ ಎಂದು ಒಬ್ಬನೂ ಕೇಳಿರಲಿಲ್ಲ. ಅದಕ್ಕೆ ಮೇಷ್ಟ್ರು ತಿದ್ದಿಕೊಟ್ಟ ಉತ್ತರವೂ ಇರಲಿಲ್ಲ. ಚಿತ್ತಯ್ಯ ಗಂಗಕ್ಕನ ಮುಖ ನೋಡಿದ. ಅವಳು ಆಕಾಶ ನೋಡಿದಳು. ಹೊತ್ತು ಇಳಿಯುತ್ತಿತ್ತು.

"ಇನ್ನೇನು ಕಷ್ಟದ ಹೊತ್ತು ಬರುತ್ತೆ," ಎಂದ ಚಿತ್ತಯ್ಯ. "ನಂಗೂ ಬರುತ್ತೆ, ನಿಮ್ಗೂ ಬರುತ್ತೆ. ಒಬ್ಬೊಬ್ಬರೇ ಇರೋದು ಬ್ಯಾಡ. ನಡೀರಿ, ಮನೆಗೆ ಹೋಗಾಣ."

ರೂಮಿನ ಬೀಗ ತೆಗೆದು ಚಿತ್ತಯ್ಯ ಚಾಪೆ ಹಾಸಿದ. ಅವನೂ ಕರಿಸಿದ್ದಪ್ಪನೂ ಎದುರು ಬದುರು ಕೂತರು. ಕಮಿಟಿ ಕೂರುವುದು ಬುಧವಾರ, ಇವತ್ತಿನ ಮಟ್ಟಿಗೆ ರೂಮು ಇವರದೇ. ಗಂಗಕ್ಕ ಒಲೆ ಹಚ್ಚಿ ಎಸರಿಟ್ಟು, ಮೂವರಿಗಾಗುವಷ್ಟು ಹಿಟ್ಟು ತೆಗೆದಳು.