ದನದ ಡಾಕ್ಟರ್ ಯಾವ ಪಾರ್ಟಿ?

ಲಕ್ಕಪ್ಪ ಗೋಕಾಕದ ನಮ್ಮ ಮನೆಗೆ ಬಂದಾಗ ನಾನಿನ್ನೂ ಹಲ್ಲುಜ್ಜುತ್ತಿದ್ದೆ. ಹೈಸ್ಕೂಲಿನಲ್ಲಿ ನನ್ನ ಬೆಂಚಿನಲ್ಲೇ ಕೂಡುತ್ತಿದ್ದವನು. ಮೂಡಲಗಿ ಕಡೆಯ ಒಂದು ಹಳ್ಳಿಯಲ್ಲಿ ಕುರಿ ಸಾಕುತ್ತಾನೆ. (ಊರ ಹೆಸರು ಬರೆಯುವುದಿಲ್ಲ. ಬರೆದರೆ ನನಗೇನೂ ಆಗುವುದಿಲ್ಲ, ಅವನಿಗೆ ಆಗುತ್ತದೆ.)

ಕೂಡು ಎಂದರೂ ಕೂಡಲಿಲ್ಲ.

“ಲೇ ದೋಸ್ತಾ, ನಮ್ಮ ಡಾಕ್ಟರ್ ಬಾಯಾರನ್ನ ಎತ್ತಂಗಡಿ ಮಾಡ್ಯಾರ. ನೀ ಪೇಪರದಾಗ ಬರಿಯಾಂವ, ನಿನ್ನ ಮಾತ ಕೇಳ್ತಾರ. ನಡಿ.”

ಚುನಾವಣೆ ಮುಗಿದು ಹೊಸ ಸರಕಾರ ಬಂದು ಒಂದು ತಿಂಗಳೂ ಆಗಿರಲಿಲ್ಲ. ಜನ ಬದಲಾವಣೆ ಬಯಸಿದ್ದಾರೆ ಎಂದು ಇದೇ ಅಂಕಣದಲ್ಲಿ ಬಹಳ ಹುರುಪಿನಿಂದ ಬರೆದಿದ್ದೆ. ನಿಮ್ಮಲ್ಲಿ ಕೆಲವರು ಫೋನ್ ಮಾಡಿ ಹೊಗಳಿದಿರಿ ಕೂಡ. ಲಕ್ಕಪ್ಪನ ಓಣಿಗೆ ಓಣಿಯೇ ಆ ಬದಲಾವಣೆಗೆ ಓಟು ಹಾಕಿತ್ತು.

ಡಾಕ್ಟರ್ ಬಾಯಿ ಎಂದರೆ ಅವರೂರಿನ ದನದ ದವಾಖಾನೆಯ ಲೇಡಿ ಡಾಕ್ಟರು. ನಾಲ್ಕು ವರ್ಷದಿಂದ ಸ್ಕೂಟಿಗೆ ಐಸ್ ಬಾಕ್ಸ್ ಕಟ್ಟಿಕೊಂಡು ಕುರಿಹಟ್ಟಿಗಳನ್ನು ಸುತ್ತಿದವರು. ಮುಂಗಾರಿನ ಮೊದಲ ಎಳೆ ಹುಲ್ಲು ತಿಂದ ಕುರಿಗಳಿಗೆ ಕರುಳು ಬೇನೆ ಬರುತ್ತದೆ. ಬಂದ ಮೇಲೆ ಚಿಕಿತ್ಸೆಗೆ ಸಮಯವೇ ಸಿಗುವುದಿಲ್ಲ. ಸಂಜೆ ಮೇಯ್ದ ಕುರಿ ಬೆಳಿಗ್ಗೆ ಸತ್ತು ಬಿದ್ದಿರುತ್ತದೆ. ಮಳೆಗೆ ಮುಂಚೆಯೇ ಲಸಿಕೆ ಹಾಕಬೇಕು. ಈ ಬಾಯಿ ಬಂದ ಮೇಲೆ ಲಕ್ಕಪ್ಪನ ಹಟ್ಟಿಯಲ್ಲಿ ಆ ರೋಗ ಇರಲಿಲ್ಲ.

ಗೆದ್ದ ಪಕ್ಷದ ಊರ ಮುಖಂಡರ ಬಳಿ ಇಬ್ಬರೂ ಹೋದೆವು. ನನಗೆ ಕುರ್ಚಿ ಹಾಕಿಸಿದರು. ಲಕ್ಕಪ್ಪ ನಿಂತೇ ಇದ್ದ.

“ಆಕಿ ಅವರ ಮಂದಿ ಅದಾಳ್ರಿ,” ಎಂದರು ಮುಖಂಡರು. ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದರು. ದವಾಖಾನೆಯ ಹೊಸ ಕಟ್ಟಡದ ಉದ್ಘಾಟನೆ. ಹಳೆಯ ಸರಕಾರದವರು ರಿಬ್ಬನ್ ಕತ್ತರಿಸುತ್ತಿದ್ದಾರೆ. ಬಾಜೂಕ್ಕೆ ಡಾಕ್ಟರು ಕತ್ತರಿಯ ತಾಟು ಹಿಡಿದು ನಿಂತಿದ್ದಾರೆ.

“ಅದು ಅವರ ಡ್ಯೂಟಿ ಅಲ್ರಿ?” ಎಂದೆ.

“ನಗಾಕತ್ತಾಳ ನೋಡ್ರಿ.”

ಹೌದು, ನಗುತ್ತಿದ್ದರು. ಫೋಟೋ ತೆಗೆಯುವಾಗ ನಾವೆಲ್ಲ ಏನು ಮಾಡುತ್ತೇವೆ?

ಚಹಾ ಬಂತು. “ಸರ್, ಲೈಬ್ರರಿ ಕಮಿಟಿಗೆ ಒಬ್ಬರು ಓದಿದಾವ್ರು ಬೇಕಾಗ್ಯಾರ. ನಿಮ್ಮ ಹೆಸರ ಹಚ್ಚೋಣೇನ್ರಿ?” ಎಂದರು. ಬೇಡ ಎನ್ನಬೇಕಿತ್ತು. “ನೋಡೋಣ್ರಿ” ಎಂದೆ. ಲಕ್ಕಪ್ಪ ನನ್ನ ಮುಖ ನೋಡಿದ. ಆಮೇಲೆ ಡಾಕ್ಟರ ವಿಷಯವನ್ನು ಗಟ್ಟಿಯಾಗಿ ಎತ್ತುವ ಬಾಯಿ ನನಗೆ ಉಳಿಯಲಿಲ್ಲ.

ಅಲ್ಲಿಂದ ದವಾಖಾನೆಗೆ ಹೋದೆವು. ಡಾಕ್ಟರು ತಮ್ಮ ಪುಸ್ತಕಗಳನ್ನು ರಟ್ಟಿನ ಡಬ್ಬಿಗೆ ತುಂಬುತ್ತಿದ್ದರು. ಬೀದರ್ ಕಡೆಗೆ ವರ್ಗ. ಅಂದೇ ರಿಲೀವ್ ಮಾಡಿದ್ದರು.

“ಲಸಿಕಿ ನಿನ್ನೆನ ಬಂದೈತ್ರಿ. ನಾಳಿಯಿಂದ ಹಾಕೋಣ ಅಂತ ಮಾಡಿದ್ದೆ,” ಎಂದರು. “ಇನ್ನ ನಾ ಸೂಜಿ ಮುಟ್ಟಿದ್ರ ಅದೂ ಒಂದು ಕಂಪ್ಲೇಂಟ್ ಆಗ್ತೈತಿ.”

ಅನ್ಯಾಯ ಎಂದೆ. ಅವರು ತಲೆ ಅಲ್ಲಾಡಿಸಿದರು.

“ನಾನೂ ಹಿಂಗ ಬಂದಾಕಿರಿ, ಸರ್. ನಮ್ಮ ಅವ್ವ ಸಂಕೇಶ್ವರದಾಗ ಇರ್ತಾಳ, ಹತ್ರ ಆಗ್ತೈತಿ ಅಂತ ಆವಾಗಿನ ಲೀಡರ್ ಕಡೆಯಿಂದ ಒಂದು ಪತ್ರ ತಂದೆ. ಇಲ್ಲಿದ್ದ ಹಿರೇ ಡಾಕ್ಟರಿಗೆ ರಿಟೈರ್ ಆಗಾಕ ಒಂದ ವರ್ಷ ಇತ್ತು. ಅವರನ್ನ ಎಲ್ಲಿಗೆ ಒಗದ್ರು ಅಂತ ನಾ ಕೇಳಲೇ ಇಲ್ಲ.”

ಡಬ್ಬಿ ಎತ್ತಿ ಗಾಡಿಯಲ್ಲಿಟ್ಟು ಬಂದೆವು.

ಆ ವಾರ ನಾನು ನಾಲ್ಕಾರು ಫೋನ್ ಮಾಡಿದೆ. ಎಲ್ಲರೂ ಮರ್ಯಾದೆಯಿಂದಲೇ ಮಾತಾಡಿದರು. ಚಾರ್ಜ್ ಕೊಡುವ ಡಾಕ್ಟರು ಹೋಗಿಯಾಗಿತ್ತು, ಚಾರ್ಜ್ ತೆಗೆದುಕೊಳ್ಳುವ ಡಾಕ್ಟರು ಬಂದಿರಲಿಲ್ಲ. ಲಸಿಕೆ ಫ್ರಿಜ್ಜಿನಲ್ಲಿತ್ತು, ದವಾಖಾನೆಗೆ ಬೀಗ ಇತ್ತು. ಹುಕ್ಕೇರಿಯ ಒಬ್ಬ ಡಾಕ್ಟರನ್ನಾದರೂ ಕರೆಸೋಣವೆಂದರೆ, ಆರ್ಡರ್ ಇಲ್ಲದೆ ಬರುವ ಧೈರ್ಯ ಅವರಿಗಿರಲಿಲ್ಲ. ಈ ಹೊತ್ತಿನಲ್ಲಿ ಯಾರಿಗಿರುತ್ತದೆ?

ಮಳೆಗೆ ಇದ್ಯಾವುದೂ ಗೊತ್ತಿರಲಿಲ್ಲ. ಬಂತು. ಹುಲ್ಲು ಚಿಗುರಿತು.

ಲಕ್ಕಪ್ಪನ ಫೋನ್ ಬಂದ ದಿನ ಅವನ ಹಟ್ಟಿಗೆ ಓಡಿದೆ. ಮೂರು ದಿನದಲ್ಲಿ ಹದಿನಾಲ್ಕು ಕುರಿ. ಅದರಲ್ಲೊಂದು, ತಾಯಿ ಸತ್ತ ಮರಿಯನ್ನು ಅವನ ಹೆಂಡತಿ ಬಾಳವ್ವ ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ್ದು. ಗಂಡಹೆಂಡತಿ ಹೊಲದ ಬದುವಿನಲ್ಲಿ ಗುಂಡಿ ತೋಡುತ್ತಿದ್ದರು. ನಾನೂ ಸಲಿಕೆ ಹಿಡಿದೆ. ಲಕ್ಕಪ್ಪ ಬೇಡವೆನ್ನಲಿಲ್ಲ.

ಅಷ್ಟರಲ್ಲಿ ಮುಖಂಡರ ಜೀಪು ಬಂತು. ಇಳಿದವರೇ ಗುಂಡಿಯತ್ತ ನೋಡಿ ಕೈಮುಗಿದರು. (ಅದನ್ನೂ ಒಬ್ಬ ಮೊಬೈಲಿನಲ್ಲಿ ಹಿಡಿದ.)

“ಇದೆಲ್ಲಾ ಹಿಂದಿನ ಸರಕಾರದ ಪಾಪ, ತಂಗೀ. ಇಂಥಾ ಊರಿಗೆ ಒಬ್ಬರೇ ಡಾಕ್ಟರ್ ಇಟ್ಟಿದ್ರು. ನಾವು ಇಬ್ಬರನ್ನ ಕೊಡ್ತೀವಿ.”

ಬಾಳವ್ವ ಗುಂಡಿಯಿಂದ ಮೇಲೆ ಬಂದಳು. ಕೈಯ ಮಣ್ಣನ್ನು ಸೀರೆಗೆ ಒರೆಸಿಕೊಂಡಳು. ಬಯ್ಯುತ್ತಾಳೆ ಅಂದುಕೊಂಡೆ. ಬಯ್ಯಲಿಲ್ಲ. ತಿಳಿಯದೆ ಕೇಳುವವಳ ಹಾಗೆ, ಮೆಲ್ಲಗೆ ಕೇಳಿದಳು:

“ಸಾಹೇಬ್ರ, ಓಟ ಹಾಕಿದಾವ್ರು ನಾವು. ಕುರಿ ಏನ್ ಮಾಡ್ಯಾವ್ರಿ?”